ಬಾಯಲ್ಲಿ ಗುಂಡುಸೂಜಿ

ಮುಜ್ಜಾದ ಕಾರ್ನಿವಲ್ಲಿಗೆ ಇನ್ನು ಹದಿನೆಂಟು ದಿನ.
ಕೋಳಿ, ಕಡಲ್ಗಳ್ಳ, ಎರಡು ತಲೆಯ ಬಿಷಪ್ಪು,
ಎಲ್ಲ ಹೊಲಿದಾಗಿತ್ತು.
ಆಗ ತ್ರಿಯೆಸ್ತೆಯಿಂದ ದೋಣಿ ಹತ್ತಿ ಬಂದವನು ಫುಲ್ವಿಯೊ,
ಭೂಗೋಳದ ಮೇಷ್ಟ್ರು, ಹಳೆಯ ಗೆಳೆಯ.
"ಮಿಲ್ಕಾ, ನನಗೊಂದು ಕರಿ ಕೋಟು ಬೇಕು,
ಅಜ್ಜಂದಿರ ಕಾಲದ್ದು, ಎದೆ ಉಬ್ಬಿಸುವಂಥದ್ದು.
ಆ ಜನರನ್ನು ಈ ಸಲ ಅಣಕಿಸಲೇಬೇಕು."

ತೋಳೆತ್ತಿ ನಿಂತ. ಟೇಪು ಸುತ್ತಿದೆ.
ಅಳತೆ ಕೊಡುತ್ತಲೇ ಭಾಷಣ ಶುರು:
"ಈ ಬಂದರಿನಲ್ಲಿ ಮೂರು ತಲೆಮಾರು ಮೊಟ್ಟೆಯಿಡದ
ಪ್ರತಿ ಕಡಲಕ್ಕಿಯೂ ನಾಳೆಯೊಳಗೆ ಜಾಗ ಖಾಲಿ ಮಾಡತಕ್ಕದ್ದು!
ಬೋರಾ ಗಾಳಿ ಗುಡ್ಡದಾಚೆಯಿಂದ ನುಗ್ಗುತ್ತದೆ,
ಅದರ ಕಾಗದಪತ್ರ ಯಾರಾದರೂ ನೋಡಿದ್ದೀರಾ?"
ನನ್ನ ಬಾಯಲ್ಲಿ ಆರು ಗುಂಡುಸೂಜಿ.
ನಗುವಂತಿಲ್ಲ. ನಕ್ಕರೆ ನುಂಗಬೇಕು.
ಮೂಗಿನಲ್ಲೇ ನಕ್ಕೆ.

ಅದೇ ವಾರ ಬೆನುಸ್ಸಿ ಬಂದ, ಔಷಧಿ ಅಂಗಡಿಯವನು.
ಪ್ಯಾಂಟಿನ ಅಂಚು ಮಡಿಸಬೇಕಿತ್ತು, ಅಷ್ಟೆ.
ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ ಹೇಳಿದ:
"ಗುಡ್ಡದಾಚೆಯ ಹೆಸರುಗಳು ಕರೆಗಂಟೆಯ ಮೇಲೆ ಯಾಕಿರಬೇಕು?
ಅಂಚೆಯವನ ನಾಲಿಗೆಗೆ ನೋವು.
ಅಂಥ ಮನೆಗೆ ಕಾಗದ ಕೊಡಕೂಡದೆಂದು ಕಾಯ್ದೆಯಾಗಲಿ."
ಇದು ಕಡಲಕ್ಕಿಗಿಂತ ಚೆನ್ನಾಗಿದೆ ಅನ್ನಿಸಿ
ಸೂಜಿ ತೆಗೆದಿಟ್ಟು ಬಾಯ್ತುಂಬ ನಕ್ಕೆ.
ಅವನು ನಗಲಿಲ್ಲ.
ಕಾದೆ. ಕೆಲವರು ತಡವಾಗಿ ನಗುತ್ತಾರೆ.
"ಎಡಗಾಲು ಅರ್ಧ ಸೆಂಟಿಮೀಟರು ಉದ್ದ," ಅಂದ.

ಅಂದಿನಿಂದ ನನಗೆ ನನ್ನದೇ ಲೆಕ್ಕ.
ಆಡುವವನ ಬಟ್ಟೆಗೆ ಅಸ್ತರು ಬೇಡ.
ಗುಂಡಿ, ಬಣ್ಣ ಬಳಿದ ರಟ್ಟಾದರೂ ಸಾಕು.
ಬೆನ್ನಿಗೆ ಅಂಟುಪಟ್ಟಿ: ಸರ್ರನೆ ಎಳೆದರೆ ಕಳಚಬೇಕು
ಬುಧವಾರ ಹಣೆಗೆ ಬೂದಿ ಹಚ್ಚಿಕೊಳ್ಳುವ ಮೊದಲು.
ನಂಬಿದವನು ಒಳಜೇಬು ಕೇಳುತ್ತಾನೆ,
ಮಳೆಗೆ ಬಣ್ಣ ಬಿಡುತ್ತದಾ ಎಂದು ಕೇಳುತ್ತಾನೆ,
ರಸೀದಿ ಕೇಳುತ್ತಾನೆ.
ಮಾತು ಇಬ್ಬರದೂ ಒಂದೇ ಥಾನಿನ ಬಟ್ಟೆ;
ನಾನು ಒಳಮೈ ತಿರುವಿ ನೋಡುವವಳು.

ಮಂಗಳವಾರ ಚೌಕದಲ್ಲಿ ಫುಲ್ವಿಯೊ ಪೀಪಾಯಿ ಹತ್ತಿದ.
ಕಡಲಕ್ಕಿಗಳ ಗಡೀಪಾರಿಗೆ ಮಕ್ಕಳು ಬಿದ್ದು ಬಿದ್ದು ನಕ್ಕರು.
ಹಿಂದೆ ಒಂದಷ್ಟು ಗಂಡಸರು, ವೇಷ ಹಾಕದವರು,
ನಗಬೇಕಾದ ಕಡೆ ಚಪ್ಪಾಳೆ ತಟ್ಟಿದರು.
ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೆ, ಬೂಟು ಹೆಜ್ಜೆಯ ತಾಳಕ್ಕೆ.
ಫುಲ್ವಿಯೊ ಒಂದು ಗಳಿಗೆ ತಡವರಿಸಿದ.
ಆಮೇಲೆ, ಕಣ್ಣಾರೆ ಕಂಡೆ,
ಅತ್ತ ತಿರುಗಿ ಅದೇ ಸಾಲು ಇನ್ನೊಮ್ಮೆ ಹೇಳಿದ.
ಈ ಸಲ ಕಡಲಕ್ಕಿ ಅನ್ನಲಿಲ್ಲ.

ಏಪ್ರಿಲಿನಲ್ಲಿ ಕೋಟು ಹಿಡಿದು ಬಂದ.
ಅಂಟುಪಟ್ಟಿ ಕಿತ್ತು ಹೊಲಿದುಬಿಡು,
ಹಿತ್ತಾಳೆ ಗುಂಡಿ ಹಾಕು,
ಒಳಗೊಂದು ಒಳ್ಳೆಯ ಅಸ್ತರು.
"ತಮಾಷೆಗೆ ತಾನೆ?" ಅಂದೆ.
"ಮತ್ತೇನು!"
ನಗು ಇತ್ತು, ತುಟಿಯ ಮೇಲೆ, ಕಚ್ಚಾ ಹೊಲಿಗೆಯ ಹಾಗೆ.

ನಮ್ಮಜ್ಜ ವೊದೊಪಿವೆತ್ಸ್. ಅಂದರೆ ನೀರು ಕುಡಿಯುವವ.
ಒಂದು ಸಂಜೆ ಹೆಂಡದಂಗಡಿಯಲ್ಲಿ ಗುಮಾಸ್ತನೊಬ್ಬ
"ನಾಳೆಯಿಂದ ನೀನು ಬೆವಿಲಾಕ್ವ" ಅಂದನಂತೆ.
ಅರ್ಥ ಅದೇ, ನೀರು ಅದೇ, ಲೋಟ ಮಾತ್ರ ಅವರದು.
ಕೈಯಲ್ಲಿ ದ್ರಾಕ್ಷಾರಸ ಹಿಡಿದಿದ್ದ ಅಜ್ಜ
ಎಲ್ಲರಿಗಿಂತ ಜೋರಾಗಿ ನಕ್ಕನಂತೆ.
ಬೆಳಗಾಗುವಷ್ಟರಲ್ಲಿ ಠಸ್ಸೆ ಒಣಗಿತ್ತು.

ಅಂಗಡಿಯ ಬೋರ್ಡಿನಲ್ಲಿ ಆ ಹಳೆಯ ಹೆಸರು
ಮತ್ತೆ ಬರೆಸಿದ್ದು ನನಗೆ ಐವತ್ತು ದಾಟಿದ ಮೇಲೆ.
ಬೋರಾ ಬೀಸುತ್ತಿತ್ತು.
ಏಣಿ ಹಿಡಿದುಕೊಂಡಿದ್ದವನು ಫುಲ್ವಿಯೊ.

ಗುರುವಾರ ಬಾ ಅಂದಿದ್ದೆ. ಇವತ್ತು ಗುರುವಾರ.
ಅಸ್ತರು ಕತ್ತರಿಸಿದ್ದೇನೆ, ಕೂರಿಸಿದ್ದೇನೆ, ಹೊಲಿದಿಲ್ಲ.
ಬಾಗಿಲ ಗಂಟೆ ಆಯಿತು.
ರಸೀದಿ ಬೇಕಾ ಅಂತ ಅವನನ್ನು ಕೇಳಬೇಕು.
ಬಾಯಿಂದ ಒಂದೊಂದೇ ಸೂಜಿ ತೆಗೆಯುತ್ತಿದ್ದೇನೆ.